ಎಚ್‌ಡಿಪಿಇ ಗ್ರೋ ಬ್ಯಾಗ್: ಕೊಳ್ಳುವ ಮುನ್ನ ತೂಗಿ, ಅಳೆಯಿರಿ, ಹೊಲಿಗೆ ನೋಡಿ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಈಗ ಯಾವ ತಾರಸಿ ಹತ್ತಿ ನಿಂತರೂ ಅಕ್ಕಪಕ್ಕದ ಮನೆಗಳ ಮೇಲೆ ಒಂದೊಂದು ಸಾಲು ಹಸಿರು ಚೀಲ ಕಾಣಿಸುತ್ತದೆ. ಎಚ್‌ಡಿಪಿಇ ಗ್ರೋ ಬ್ಯಾಗ್ ಎಂದರೆ ಇದೇ, ಹೈ ಡೆನ್ಸಿಟಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಪಟ್ಟಿ ನೇಯ್ದು ಹೊಲಿದ, ಗಿಡ ಬೆಳೆಸುವ ಚೀಲ. ಸಿಮೆಂಟ್ ಕುಂಡವನ್ನು ಮೂರನೇ ಮಹಡಿಗೆ ಹೊರುವ ಕಷ್ಟ ಇದರಲ್ಲಿಲ್ಲ. ಅಗ್ಗದ ಪ್ಲಾಸ್ಟಿಕ್ ಕುಂಡದ ಹಾಗೆ ಅಂಚಿನಲ್ಲಿ ಸೀಳುವುದೂ ಇಲ್ಲ. ಹತ್ತು ಚೀಲ ಮಡಚಿದರೆ ಒಂದು ಬಟ್ಟೆ ಚೀಲದಲ್ಲಿ ಹಿಡಿಸುತ್ತವೆ. 12 ಇಂಚಿನದು ಅಂಗಡಿ ನೋಡಿ 60ರಿಂದ 100 ರೂಪಾಯಿ, 15 ಇಂಚಿನದು 100ರಿಂದ 160 ರೂಪಾಯಿ ಆಸುಪಾಸು. ಈ ದುಡ್ಡಿಗೆ ಇಷ್ಟು ಮಣ್ಣು ಹಿಡಿಸುವ, ಇಷ್ಟು ಕಾಲ ಬಾಳುವ ಬೇರೆ ಪಾತ್ರೆ ಸಿಗುವುದು ಕಷ್ಟ.

ಆದರೆ ಒಂದೇ ಬಣ್ಣದ, ಒಂದೇ ಅಳತೆಯ, ಎರಡರ ಮೇಲೂ ‘240 ಜಿಎಸ್‌ಎಂ’ (ಬಟ್ಟೆಯ ತೂಕದ ಅಳತೆ) ಎಂದೇ ಬರೆದಿರುವ ಎರಡು ಚೀಲಗಳಲ್ಲಿ ಒಂದು ನಾಲ್ಕು ವರ್ಷ ಬಾಳಿದರೆ ಇನ್ನೊಂದು ಎರಡನೇ ಬೇಸಿಗೆಗೇ ಉದುರಲು ಶುರುವಾಗುತ್ತದೆ. ಹಾಗಾಗಿ ಇಲ್ಲಿ ಯಾವುದೋ ಒಂದು ಬ್ರ್ಯಾಂಡ್ ಹಿಡಿದು ಹೊಗಳುವುದಿಲ್ಲ. ಒಳ್ಳೆಯ ಚೀಲ ಹೇಗಿರುತ್ತದೆ, ಕೆಟ್ಟದ್ದು ಎಲ್ಲಿ ಕೈಕೊಡುತ್ತದೆ, ಯಾವ ಅಳತೆ ಯಾವ ಬೆಳೆಗೆ ಎಂಬುದನ್ನು ನೋಡೋಣ. ಅಳತೆಯ ವಿಷಯದಲ್ಲೇ ಜನ ಹೆಚ್ಚು ಎಡವುವುದರಿಂದ ಅಲ್ಲಿಂದಲೇ ಶುರು.

12×12 ಎಂದರೆ 12 ಇಂಚು ವ್ಯಾಸ, 12 ಇಂಚು ಎತ್ತರ. ಅಂಥ ಚೀಲದಲ್ಲಿ ಬಾಯಿವರೆಗೆ ತುಂಬಿದರೆ 22 ಲೀಟರ್ ಹಿಡಿಸುತ್ತದೆ. 15×15ರಲ್ಲಿ 43 ಲೀಟರ್. 18×18ರಲ್ಲಿ 75 ಲೀಟರ್. 24 ಇಂಚು ಅಗಲ, 9 ಇಂಚು ಎತ್ತರದ ತಟ್ಟೆಯಂಥ ಚೀಲದಲ್ಲಿ 67 ಲೀಟರ್. 9×9 ಎಂಬ ಪುಟ್ಟ ಚೀಲದಲ್ಲಿ ಬರೀ 9 ಲೀಟರ್. ಈ ಲೆಕ್ಕ ಹೊಲಿದ ದುಂಡು ಚೀಲಕ್ಕೆ ಮಾತ್ರ. ನರ್ಸರಿಯವರು ಸಸಿಗೆ ಬಳಸುವ ಹೊಲಿಗೆಯಿಲ್ಲದ ಪಾಲಿಥಿನ್ ಚೀಲವನ್ನು ಚಪ್ಪಟೆ ಇಟ್ಟು ಅಳೆದು ಹೇಳುತ್ತಾರೆ. ಅದರಲ್ಲಿ ‘12 ಇಂಚು’ ಎಂದರೆ ಮಣ್ಣು ತುಂಬಿದ ಮೇಲೆ ವ್ಯಾಸ ಏಳೂವರೆ ಇಂಚು ಚಿಲ್ಲರೆ ಅಷ್ಟೆ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ ತರಿಸಿದವರು ಮೋಸಹೋದೆವು ಎನ್ನುವುದು ಬಹಳ ಸಲ ಇದೇ ಕಾರಣಕ್ಕೆ. ‘ವ್ಯಾಸ’ ಅಥವಾ ‘ದುಂಡು’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ. ಬಂದ ಮೇಲೆ ತಳದ ವೃತ್ತಕ್ಕೆ ಟೇಪ್ ಹಿಡಿಯಿರಿ.

ಈಗ ಮುಖ್ಯವಾದ ಮಾತು. ಹೊಸಬರು ಹತ್ತು 12 ಇಂಚಿನ ಚೀಲ ಕೊಳ್ಳುತ್ತಾರೆ, ಹತ್ತು ಗಿಡ ಬರುತ್ತದಲ್ಲ ಎಂದು. ಅದೇ ಮಣ್ಣು, ಅಂದರೆ ಸುಮಾರು 220 ಲೀಟರ್, ಐದು 15 ಇಂಚಿನ ಚೀಲಗಳಲ್ಲೂ ಹಿಡಿಸುತ್ತದೆ. ಟೊಮೆಟೊ, ಬದನೆಯಂಥ ಕಾಯಿ ಬಿಡುವ ಗಿಡಕ್ಕೆ ಈ ಐದೇ ಮೇಲು. ಕಾರಣ ನೀರು. ತುಂಬಿದ ಮಿಶ್ರಣದಲ್ಲಿ ಗಿಡ ಹೀರಿಕೊಳ್ಳಲು ಆಗುವ ನೀರು ಹೆಚ್ಚುಕಡಿಮೆ ಕಾಲು ಭಾಗ. 12 ಇಂಚಿನ ಚೀಲದಲ್ಲಿ ಅದು 5 ಲೀಟರ್, 15 ಇಂಚಿನದರಲ್ಲಿ 10 ಲೀಟರ್. ಏಪ್ರಿಲ್ ಬಿಸಿಲಲ್ಲಿ ಕಾಯಿ ಹೊತ್ತ ಟೊಮೆಟೊ ಗಿಡ ದಿನಕ್ಕೆ 2ರಿಂದ 3 ಲೀಟರ್ ಕುಡಿಯುತ್ತದೆ. ಸಣ್ಣ ಚೀಲದಲ್ಲಿ ಒಂದು ದಿನ ನೀರು ತಪ್ಪಿದರೆ ಮಾರನೆಯ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ, ಹೂ ಉದುರುತ್ತದೆ. ಸಂಜೆ ಸುರಿದ ನೀರಿಗೆ ಎಲೆ ಎದ್ದು ನಿಂತರೂ ಹೋದ ಹೂ ವಾಪಸ್ ಬರುವುದಿಲ್ಲ. ಹೀಗೆ ಒಣಗುವುದು, ನೆನೆಯುವುದು ನಾಲ್ಕು ಸಲ ಆದರೆ ಟೊಮೆಟೊ ಕಾಯಿಯ ತುದಿ ಕಪ್ಪಾಗಿ, ಒಳಕ್ಕೆ ಕುಸಿದು ಕೊಳೆಯುತ್ತದೆ. ಅದನ್ನು ರೋಗ ಎಂದುಕೊಂಡು ಔಷಧಿ ಹೊಡೆಯುವವರಿದ್ದಾರೆ, ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುವವರಿದ್ದಾರೆ. ಮಣ್ಣಿನಲ್ಲಿ ಸುಣ್ಣದಂಶ ಇದ್ದರೂ ಅದು ಕಾಯಿಯ ತುದಿಯವರೆಗೆ ಹೋಗುವುದು ನೀರಿನ ಜೊತೆಯಲ್ಲೇ. ನೀರು ಕಡಿದರೆ ಸುಣ್ಣವೂ ಕಡಿಯುತ್ತದೆ. ದೊಡ್ಡ ಚೀಲ, ಮೇಲೆ ಎರಡು ಇಂಚು ಒಣ ಎಲೆಯ ಹೊದಿಕೆ, ದಿನವೂ ಒಂದೇ ಹೊತ್ತಿಗೆ ನೀರು. ಮದ್ದು ಅಷ್ಟೇ.

ಸೊಪ್ಪಿಗೆ ಲೆಕ್ಕವೇ ಬೇರೆ. ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿಗೆ ಆಳ ಬೇಡ, ಹರವು ಬೇಕು. 15 ಇಂಚಿನ ಆಳದ ಚೀಲದಲ್ಲಿ ಕೊತ್ತಂಬರಿ ಹಾಕಿದರೆ ಕೆಳಗಿನ ಒಂಬತ್ತು ಇಂಚು ಮಣ್ಣು ಸುಮ್ಮನೆ ಕೂತಿರುತ್ತದೆ. 24×9ರ ಒಂದು ಚೀಲದ ಬಾಯಿ ಮೂರು ಚದರ ಅಡಿ ದಾಟುತ್ತದೆ. ಅದರಲ್ಲಿ ಆರೇ ಇಂಚು ಮಿಶ್ರಣ ತುಂಬಿದರೂ ಸಾಕು, 45 ಲೀಟರ್ ಆಗುತ್ತದೆ. ಇಂಥವು ಮೂರು ಇಟ್ಟುಕೊಂಡು ಹತ್ತು ಹತ್ತು ದಿನಕ್ಕೊಂದರಲ್ಲಿ ಮೆಂತ್ಯ ಎರಚಿದರೆ ಒಂದು ಖಾಲಿಯಾಗುವ ಹೊತ್ತಿಗೆ ಇನ್ನೊಂದು ತಯಾರು. ದಂಟಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಚೆನ್ನಾಗಿ ಒಗ್ಗುತ್ತದೆ. ಬಿತ್ತಿ 25–30 ದಿನಕ್ಕೆ ಮೊದಲ ಕೊಯ್ಲು, ಬುಡ ಬಿಟ್ಟು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತದೆ.

ಉಳಿದ ಬೆಳೆಗಳ ಮಾತು ಚುಟುಕಾಗಿ. 12 ಇಂಚಿನ ಚೀಲಕ್ಕೆ ಒಂದು ಮೆಣಸಿನಗಿಡ ಹೇಳಿ ಮಾಡಿಸಿದ ಜೋಡಿ. ಹುರುಳಿಕಾಯಿ, ಅಂದರೆ ಪೊದೆ ಬೀನ್ಸ್, ಅದರಲ್ಲೇ ಮೂರು ಬರುತ್ತದೆ. ಬೆಂಡೆ 15 ಇಂಚಿನದರಲ್ಲಿ ಎರಡು. ಬದನೆ 15ರಲ್ಲಿ ಒಂದೇ, ಆದರೆ ಸವರಿಕೊಂಡು ವರ್ಷವಿಡೀ ಇಟ್ಟುಕೊಳ್ಳಬಹುದು. ಹೀರೆ, ಸೋರೆ, ಪಡವಲಕ್ಕೆ 18 ಇಂಚಿಗಿಂತ ಕಡಿಮೆ ಬೇಡ. ಚಿಕ್ಕದರಲ್ಲಿ ಬಳ್ಳಿ ಹಬ್ಬುತ್ತದೆ, ಹೀಚು ಬಿಡುತ್ತದೆ, ಹೀಚು ಹಳದಿಯಾಗಿ ಉದುರುತ್ತದೆ. ನಿಂಬೆ, ಸೀಬೆ, ಅಂಜೂರ 18ರಲ್ಲಿ ಶುರುಮಾಡಿ ಎರಡು ವರ್ಷಕ್ಕೆ 24×24ಕ್ಕೆ ಸಾಗಿಸಬೇಕು. ಪಪ್ಪಾಯಿ ಬೆಳೆಯುವ ಆಸೆ ಇದ್ದರೆ ಗಂಡು, ಹೆಣ್ಣು ಬೇರೆ ಬೇರೆ ಗಿಡವಾಗಿ ಬರುವ ತಳಿ ಹಾಕಬೇಡಿ. ಎರಡು ಚೀಲದ ಜಾಗದಲ್ಲಿ ಎರಡೂ ಗಂಡಾದರೆ ತಿಂಗಳುಗಟ್ಟಲೆ ಮಾಡಿದ ಆರೈಕೆ ವ್ಯರ್ಥ. ಅರ್ಕಾ ಪ್ರಭಾತ್, ರೆಡ್ ಲೇಡಿಯಂಥವುಗಳಲ್ಲಿ ಆ ತೊಂದರೆ ಇಲ್ಲ.

ಬಟ್ಟೆಯ ಗುಣಕ್ಕೆ ಬರೋಣ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂದು. 200ಕ್ಕಿಂತ ಕಡಿಮೆ ಬೇಡ, 220–240 ಒಳ್ಳೆಯದು, ಹಣ್ಣಿನ ಗಿಡದ ದೊಡ್ಡ ಚೀಲಕ್ಕೆ 260 ಇದ್ದರೆ ಇನ್ನೂ ಲೇಸು. ಮೇಲೆ ಅಚ್ಚು ಹಾಕಿದ್ದನ್ನು ನಂಬಿ ಕೂರುವ ಅಗತ್ಯ ಇಲ್ಲ, ಅಡುಗೆಮನೆಯ ತಕ್ಕಡಿ ಸಾಕು. 12×12 ಚೀಲಕ್ಕೆ ಬಳಸಿದ ಬಟ್ಟೆ 0.365 ಚದರ ಮೀಟರ್. 240 ಜಿಎಸ್‌ಎಂ ನಿಜವಾದರೆ ಬಟ್ಟೆಯೇ 88 ಗ್ರಾಂ ಇರಬೇಕು, ಮಡಚಿ ಹೊಲಿದ ಅಂಚು, ಹಿಡಿ ಸೇರಿ 100 ಗ್ರಾಂ ಹತ್ತಿರ ತೂಗಬೇಕು. 15×15 ಆದರೆ ಬಟ್ಟೆ 137 ಗ್ರಾಂ, ಒಟ್ಟು 155 ಆಸುಪಾಸು. 18×18ಕ್ಕೆ ಬಟ್ಟೆ 197 ಗ್ರಾಂ. 24×9ಕ್ಕೆ 175. ತಕ್ಕಡಿ ಮೇಲೆ 12 ಇಂಚಿನ ಚೀಲ 65–70 ಗ್ರಾಂ ತೋರಿಸಿದರೆ ಅದು 240 ಅಲ್ಲವೇ ಅಲ್ಲ, 160–170ರ ಬಟ್ಟೆ. ಹಿಂದಿರುಗಿಸಿ. ಐದಾರು ಗ್ರಾಂ ಆಚೀಚೆ ಆದರೆ ಜಗಳ ಬೇಡ.

ತೂಕ ಸರಿ ಇದ್ದ ಮಾತ್ರಕ್ಕೆ ಬಿಸಿಲು ತಡೆಯುತ್ತದೆ ಎಂದಲ್ಲ. ಅಕ್ಕಿ ಚೀಲ, ಸಿಮೆಂಟ್ ಚೀಲವೂ ನೋಡಲು ಹೀಗೇ ನೇಯ್ದ ಪಟ್ಟಿಯದ್ದೇ. ಅದರಲ್ಲಿ ಗಿಡ ಇಟ್ಟವರಿಗೆ ಗೊತ್ತು, ಆರು ತಿಂಗಳಾಗುವಷ್ಟರಲ್ಲಿ ಕೈ ಹಾಕಿದರೆ ಎಳೆ ಎಳೆಯಾಗಿ ಬರುತ್ತದೆ. ಗ್ರೋ ಬ್ಯಾಗ್ ಬಟ್ಟೆಗೆ ಯುವಿ, ಅಂದರೆ ಬಿಸಿಲಿನ ಅತಿನೇರಳೆ ಕಿರಣ, ತಡೆಯುವ ಪದಾರ್ಥ ಸೇರಿಸಿರುತ್ತಾರೆ ಎಂಬುದೇ ವ್ಯತ್ಯಾಸ, ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಹೊಲಿಗೆ. ಚೀಲವನ್ನು ಒಳಗಿನಿಂದ ಹೊರಗೆ ತಿರುಗಿಸಿ ತಳ ಕೂಡುವ ಜಾಗ ನೋಡಿ. ಬಟ್ಟೆಯ ಅಂಚು ಎರಡು ಮಡಿಕೆಯಾಗಿ ಒಳಗೆ ಸೇರಿರಬೇಕು, ಅದರ ಮೇಲೆ ಎರಡು ಸಾಲು ಹೊಲಿಗೆ ಇರಬೇಕು, ದಾರ ಚೀಲದಷ್ಟೇ ಗಟ್ಟಿಯಾದ ಪ್ಲಾಸ್ಟಿಕ್ ದಾರವಾಗಿರಬೇಕು. ಅಂಚು ಮಡಚದೆ ಹಾಗೇ ಹೊಲಿದಿದ್ದರೆ ಕತ್ತರಿಸಿದ ಕಡೆ ನೇಯ್ಗೆಯ ಪಟ್ಟಿ ಒಂದೊಂದಾಗಿ ಜಾರುತ್ತದೆ, ಹೊಲಿಗೆ ಗಟ್ಟಿ ಇದ್ದರೂ ಬಟ್ಟೆಯೇ ಅದರಿಂದ ಕಳಚಿಕೊಳ್ಳುತ್ತದೆ. ಬಿಳಿ ಹತ್ತಿಯಂಥ ದಾರ ಕಂಡರೆ ಕೊಳ್ಳಬೇಡಿ. ಬಟ್ಟೆ ಗಟ್ಟಿಮುಟ್ಟಾಗಿರುವಾಗಲೇ ದಾರ ಕೊಳೆತು, ಒಂದು ದಿನ ನೀರು ಹಾಕುತ್ತಿರುವಾಗ ತಳದ ಅಂಚು ನಾಲ್ಕು ಬೆರಳಷ್ಟು ಬಾಯಿ ತೆರೆದು ಮಣ್ಣು ಹೊರಗೆ ಸುರಿಯುತ್ತದೆ. ಗ್ರೋ ಬ್ಯಾಗ್ ಹಾಳಾಗುವುದು ಬಹಳ ಸಲ ಹೀಗೇ, ಬಟ್ಟೆ ಹರಿದು ಅಲ್ಲ.

ಹಿಡಿಗಳ ಬಗ್ಗೆ ಮಾರುವವರು ದೊಡ್ಡದಾಗಿ ಹೇಳುತ್ತಾರೆ. ಮಣ್ಣು ತುಂಬಿ ನೀರು ಹಾಕಿದ 15 ಇಂಚಿನ ಚೀಲ 40 ಕಿಲೋ ದಾಟುತ್ತದೆ. ಒಂದು ಹಿಡಿ ಹಿಡಿದು ಎಳೆದರೆ ಹಿಡಿಯ ಜೊತೆ ಬಾಯಿಯ ಬಟ್ಟೆಯೂ ಹರಿದು ಬರುತ್ತದೆ. ಖಾಲಿ ಚೀಲ ಜಾಗಕ್ಕೆ ಇಟ್ಟು ಅಲ್ಲೇ ತುಂಬಿ. ಜರುಗಿಸಲೇಬೇಕಾದರೆ ಎರಡು ದಿನ ನೀರು ನಿಲ್ಲಿಸಿ, ತಳಕ್ಕೆ ಗೋಣಿಚೀಲ ತೂರಿಸಿ, ಇಬ್ಬರು ಸೇರಿ ಗೋಣಿಯನ್ನೇ ಎಳೆಯಿರಿ.

ನೀರು ಬಸಿಯುವ ತೂತು ಈ ಚೀಲಗಳ ದೊಡ್ಡ ಕೊರತೆ. ಬಟ್ಟೆಗೆ ಪ್ಲಾಸ್ಟಿಕ್ ಲೇಪನ ಇರುವುದರಿಂದ ಪಕ್ಕದಿಂದ ನೀರು ಜಿನುಗುವುದಿಲ್ಲ, ತಳದ ತೂತೇ ಗತಿ. ಹೆಚ್ಚಿನವು ನಾಲ್ಕೇ ತೂತು ಕೊಟ್ಟಿರುತ್ತವೆ, ಅದೂ ನೆಲಕ್ಕೆ ಒತ್ತಿಕೊಳ್ಳುವ ತಳದಲ್ಲಿ. ಮೆತ್ತನೆ ಚೀಲ ನೆಲಕ್ಕೆ ಅಂಟಿದ ಮೇಲೆ ಆ ತೂತು ಇದ್ದೂ ಇಲ್ಲದ ಹಾಗೆ. 12 ಇಂಚಿಗೆ 6–8, 15 ಇಂಚಿಗೆ 8–10 ತೂತು ಬೇಕು, ಅರ್ಧದಷ್ಟು ಪಕ್ಕದ ಗೋಡೆಯಲ್ಲಿ ತಳದಿಂದ ಒಂದು ಇಂಚು ಮೇಲೆ. ಚಾಕು, ಕತ್ತರಿ ಹಾಕಬೇಡಿ, ನೇಯ್ಗೆ ಬಿಚ್ಚಿಕೊಳ್ಳುತ್ತದೆ. ಹಳೇ ಸ್ಕ್ರೂಡ್ರೈವರ್ ತುದಿಯನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿ ಚುಚ್ಚಿದರೆ ಅಂಚು ಕರಗಿ ಉಂಗುರದ ಹಾಗೆ ಗಟ್ಟಿಯಾಗುತ್ತದೆ. ಹೊಗೆ ಬರುತ್ತದೆ, ಬಯಲಲ್ಲೇ ಮಾಡಿ. ಸಣ್ಣ ತೂತಿಗಾದರೆ ಉರಿಯುವ ಊದುಬತ್ತಿ ತುದಿ ಸಾಕು. ತಳಕ್ಕೆ ಜಲ್ಲಿ ಹಾಕುವ ಹಳೆ ಪದ್ಧತಿ ಇಲ್ಲಿ ಬೇಡ. ಮಿಶ್ರಣದ ಅಡಿಯಲ್ಲಿ ನಿಲ್ಲುವ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಸರಿಯುತ್ತದೆ ಅಷ್ಟೆ, ಬೇರಿಗೆ ಸಿಗುವ ಆಳ ಕಡಿಮೆಯಾಗುತ್ತದೆ, ತಾರಸಿಗೆ ಭಾರ ಹೆಚ್ಚುತ್ತದೆ. ತೂತಿನ ಮೇಲೆ ಒಂದು ತುಂಡು ಹಳೇ ಸೊಳ್ಳೆಪರದೆ ಹಾಸಿದರೆ ಮಣ್ಣು ಹೋಗುವುದಿಲ್ಲ.

ಭಾರದ ಮಾತು ಬಂದಿದ್ದರಿಂದ ಹೇಳಲೇಬೇಕು. ಜನ ಓಡಾಡುವ ಸಮತಟ್ಟು ತಾರಸಿಗೆ ಕಟ್ಟಡದ ನಿಯಮದಲ್ಲಿ ಲೆಕ್ಕ ಹಿಡಿಯುವ ಭಾರ ಚದರ ಮೀಟರ್‌ಗೆ ಸುಮಾರು 150 ಕಿಲೋ. ಓಡಾಟವಿಲ್ಲದ ಚಾವಣಿಗೆ ಅದರ ಅರ್ಧ. 15 ಇಂಚಿನ ಚೀಲಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೆ ಒಂದು ಚದರ ಮೀಟರ್‌ನಲ್ಲಿ ಆರು ಹಿಡಿಸುತ್ತವೆ, ಅಂದರೆ 250 ಕಿಲೋ. ಬರೀ ಕೆಮ್ಮಣ್ಣು ತುಂಬಿದರೆ ಒದ್ದೆಯಾದಾಗ ಲೀಟರ್‌ಗೆ 1.7–1.8 ಕಿಲೋ ಆಗಿ 400 ದಾಟುತ್ತದೆ. ಆದ್ದರಿಂದ ಚದರ ಮೀಟರ್‌ಗೆ ಮೂರಕ್ಕಿಂತ ಹೆಚ್ಚು ಬೇಡ. ಸಾಲನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಗೇ ಹಿಡಿಯಿರಿ, ಹಣ್ಣಿನ ದೊಡ್ಡ ಚೀಲಗಳನ್ನು ತಾರಸಿಯ ನಟ್ಟನಡುವೆ ಇಡಬೇಡಿ. ಬಾಲ್ಕನಿಯಲ್ಲಾದರೆ ಹೊರಚಾಚಿದ ತುದಿಗೆ ಸೊಪ್ಪಿನ ಹಗುರ ಚೀಲ, ಗೋಡೆಯ ಕಡೆಗೆ ಭಾರದ್ದು.

ನೇರ ನೆಲದ ಮೇಲೆ ಇಟ್ಟರೆ ಕೆಳಗೆ ಸದಾ ಒದ್ದೆ, ಪಾಚಿ, ತೂತಿನಿಂದ ಇಳಿದ ಬೇರು. ಇಟ್ಟಿಗೆ ಇಡಿ. ಆದರೆ ಬರೀ ಮೂರು ಇಟ್ಟಿಗೆಯ ಮೇಲೆ ಕೂರಿಸಿದರೆ ಮೆತ್ತನೆ ತಳ ನಡುವೆ ಜೋತು ಬಿದ್ದು ನೀರು ಅಲ್ಲೇ ನಿಲ್ಲುತ್ತದೆ. ಇಟ್ಟಿಗೆಯ ಮೇಲೊಂದು ಹಳೆ ಮಂಗಳೂರು ಹಂಚು ಅಥವಾ ತೂತಿರುವ ಹಲಗೆ ಹಾಕಿ. ಕಬ್ಬಿಣದ ಸ್ಟ್ಯಾಂಡ್‌ಗೂ ಇದೇ ಮಾತು, ಸಲಾಕೆಯ ಅಂಚು ಬಟ್ಟೆಯನ್ನು ನಿಧಾನಕ್ಕೆ ಕೊಯ್ಯುತ್ತದೆ.

ಚೀಲ ಎಷ್ಟೇ ಒಳ್ಳೆಯದಿದ್ದರೂ ಒಳಗೆ ತುಂಬುವುದು ಕೆಟ್ಟದಾದರೆ ಬೆಳೆ ಬರುವುದಿಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎಲ್ಲ ಪರಿಮಾಣದ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಹತ್ತು 12 ಇಂಚಿನ ಚೀಲ, ಅಥವಾ ಐದು 15 ಇಂಚಿನ ಚೀಲಕ್ಕೆ ಬಾಯಿಗೆ ಎರಡು ಇಂಚು ಬಿಟ್ಟು ತುಂಬಲು ಸುಮಾರು 200 ಲೀಟರ್ ಬೇಕು. ಅದಕ್ಕೆ 5 ಕಿಲೋದ ಒಂದು ಕೋಕೋಪೀಟ್ ಇಟ್ಟಿಗೆ, ಸಿಮೆಂಟ್ ಚೀಲದಲ್ಲಿ ಎರಡು ಚೀಲ ಕೆಮ್ಮಣ್ಣು, 40 ಕಿಲೋ ಎರೆಗೊಬ್ಬರ. 50 ಕಿಲೋ ಸಿಮೆಂಟ್ ಚೀಲಕ್ಕೆ 35 ಲೀಟರ್ ಹಿಡಿಸುತ್ತದೆ ಎಂಬುದು ಇಲ್ಲಿ ಉಪಯೋಗಕ್ಕೆ ಬರುವ ಅಳತೆ. ಇದರ ಜೊತೆ ಒಂದು ಕಿಲೋ ಬೇವಿನ ಹಿಂಡಿ, ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮದ ಪುಡಿ 100 ಗ್ರಾಂ. ಎಲ್ಲ ಕಲಸಿ, ಸ್ವಲ್ಪ ತೇವ ಮಾಡಿ, ಹತ್ತು ದಿನ ಗೋಣಿ ಮುಚ್ಚಿಟ್ಟು ಆಮೇಲೆ ತುಂಬಿ. ಹಸಿ ಸಗಣಿ ಗೊಬ್ಬರ ಹಾಕಿದರೆ ಚೀಲದೊಳಗೇ ಕಾವು ಹುಟ್ಟಿ ಸಸಿಯ ಬೇರು ಸುಡುತ್ತದೆ, ಗೊಬ್ಬರದ ಹುಳುವೂ ಬರುತ್ತದೆ.

ಕೋಕೋಪೀಟ್‌ನಲ್ಲಿ ಎಚ್ಚರ ಬೇಕಾದ್ದು ಉಪ್ಪು. 5 ಕಿಲೋ ಇಟ್ಟಿಗೆ 25 ಲೀಟರ್ ನೀರು ಕುಡಿದು 65–75 ಲೀಟರ್ ಆಗುತ್ತದೆ. ತೊಳೆಯದೆ ಒತ್ತಿದ ಮಾಲಾದರೆ ಸೋಡಿಯಂ, ಪೊಟ್ಯಾಶ್ ಜಾಸ್ತಿ ಇದ್ದು ಸಸಿಯ ಎಲೆ ಅಂಚಿನಿಂದ ಕಂದಾಗುತ್ತದೆ. ನೆನೆಸಿದ ಮೊದಲ ನೀರು ಕಡು ಚಹಾ ಬಣ್ಣಕ್ಕಿರುತ್ತದೆ, ಅದನ್ನು ಹಿಂಡಿ ಚೆಲ್ಲಿ. ಎರಡನೆಯದನ್ನೂ ಚೆಲ್ಲಿ. ಮೂರನೆಯದರಲ್ಲಿ ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅದ್ದಿ, ಮನೆಯ ನಲ್ಲಿ ನೀರಿಗಿಂತ ಹೆಚ್ಚಿರುವುದು 200–300 ಪಿಪಿಎಂ ಒಳಗಿದ್ದರೆ ಸರಿ, ಮೇಲಿದ್ದರೆ ಇನ್ನೊಮ್ಮೆ ತೊಳೆಯಿರಿ. ಪೆನ್ ಇಲ್ಲದಿದ್ದರೆ ಒಂದು ಬಟ್ಟಲಲ್ಲಿ ಮೆಂತ್ಯ ಬಿತ್ತಿ ನೋಡಿ. ನಾಲ್ಕೈದು ದಿನದಲ್ಲಿ ಸಮನಾಗಿ ಮೊಳೆತು ಹಸಿರಾಗಿ ನಿಂತರೆ ಧೈರ್ಯವಾಗಿ ಬಳಸಬಹುದು.

ಮಿಶ್ರಣ ಮೂರು ತಿಂಗಳಿಗೆ ಎರಡು ಮೂರು ಇಂಚು ಕುಸಿಯುತ್ತದೆ, ಸಹಜ. ಬೆಳೆ ಮುಗಿದಾಗ ಬುಡ ಸಮೇತ ಬೇರು ಕಿತ್ತು ಅಷ್ಟೇ ಎತ್ತರ ಗೊಬ್ಬರ ಸೇರಿಸಿ. ಟೊಮೆಟೊ ಇದ್ದ ಚೀಲಕ್ಕೆ ಬದನೆ, ಮೆಣಸಿನಗಿಡ ಹಾಕಬೇಡಿ, ಮೂರೂ ಒಂದೇ ಕುಟುಂಬ, ಸೊರಗು ರೋಗ ಮಣ್ಣಿನಲ್ಲೇ ಉಳಿದಿರಬಹುದು. ನಡುವೆ ಬೀನ್ಸ್ ಅಥವಾ ಸೊಪ್ಪು ಬರಲಿ. ಗಿಡ ನೆಟ್ಟ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಕಡಲೆಕಾಯಿ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಅರ್ಧ ಲೀಟರ್ ಹಾಕಿ. ಹಿಂಡಿ ನೀರು ಗಟ್ಟಿಯಾಗಿ ಹಾಕಿದರೆ ಇರುವೆ ಮುತ್ತಿಕೊಳ್ಳುತ್ತದೆ, ಇರುವೆಯ ಹಿಂದೆಯೇ ಹಿಟ್ಟು ತಿಗಣೆ ಬರುತ್ತದೆ.

ಇನ್ನು ಬಿಸಿಲು. ಕಾಯಿ ಮುಗಿದ ಚೀಲವನ್ನು ಮೇ ತಿಂಗಳಲ್ಲಿ ಮಗುಚಿ ಮಣ್ಣುಂಡೆ ಹೊರಗೆ ತೆಗೆದು ನೋಡಿ. ಪೂರ್ವದ ಕಡೆಗೆ ಬಿಳಿ ಬೇರು ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ಪಶ್ಚಿಮದ ಕಡೆ, ಮಧ್ಯಾಹ್ನದ ಬಿಸಿಲು ಬಿದ್ದ ಗೋಡೆಯ ಪಕ್ಕ, ಎರಡು ಮೂರು ಬೆರಳಗಲ ಬರೀ ಮಣ್ಣು, ಅಲ್ಲಲ್ಲಿ ಕಂದಾಗಿ ಸತ್ತ ಎಳೆ. ತೆಳ್ಳನೆ ಬಟ್ಟೆ ಕಾವು ತಡೆಯುವುದಿಲ್ಲ, ಬೇರು ಅಲ್ಲಿ ಬೆಂದಿರುತ್ತದೆ. 12 ಇಂಚಿನ ಚೀಲದಲ್ಲಿ ಇಷ್ಟು ಹೋದರೆ ಗಿಡಕ್ಕೆ ಉಳಿಯುವ ಮಣ್ಣೆಷ್ಟು? ಪಶ್ಚಿಮದ ಕಡೆಗೆ ಒಂದು ಗೋಣಿಚೀಲ ಇಳಿಬಿಡಿ, ಅಥವಾ ಚೀಲಗಳನ್ನು ಪ್ಯಾರಾಪೆಟ್ ಗೋಡೆಯ ನೆರಳು ಬುಡಕ್ಕೆ ಬೀಳುವ ಹಾಗೆ ಜೋಡಿಸಿ. ಹೊರಗೆ ಬಿಳಿ, ಒಳಗೆ ಕಪ್ಪು ಬಟ್ಟೆಯ ಚೀಲ ಸಿಕ್ಕರೆ ಹಸಿರಿಗಿಂತ ಅದನ್ನೇ ಆರಿಸಿ, ಕಡಿಮೆ ಕಾಯುತ್ತದೆ. ಬೆಂಗಳೂರಿಗೆ ಮಾರ್ಚ್‌ನಿಂದ ಮೇವರೆಗೆ ಶೇ. 35ರ ನೆರಳು ಪರದೆ ಸಾಕು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಶೇ. 50 ಬೇಕೇ ಬೇಕು, ಆಗಲೂ ಟೊಮೆಟೊ ಆ ತಿಂಗಳುಗಳಲ್ಲಿ ಹೂ ಕಚ್ಚುವುದು ಕಷ್ಟ. ಬೆಂಡೆ, ಬಸಳೆ ಹಾಕಿಕೊಳ್ಳಿ.

ಕರಾವಳಿಯವರ ಕಷ್ಟ ಉಲ್ಟಾ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಲೇಪನದ ಚೀಲ ಬಕೆಟ್ ಆಗುತ್ತದೆ. ಮಂಗಳೂರು, ಉಡುಪಿ ಕಡೆ ತೂತು ಒಂದೂವರೆ ಪಟ್ಟು ಮಾಡಿ. ಕೋಕೋಪೀಟ್ ಪಾಲು ಅರ್ಧ ಇಳಿಸಿ ಅದರ ಜಾಗಕ್ಕೆ ದಪ್ಪ ಮರಳು ಅಥವಾ ಕರಕಲು ಮಾಡಿದ ಭತ್ತದ ಹೊಟ್ಟು ಸೇರಿಸಿ. ಗೊಬ್ಬರ ಮಳೆಗೆ ತೊಳೆದು ಹೋಗುವುದರಿಂದ ಒಂದೇ ಸಲ ಜಾಸ್ತಿ ಹಾಕದೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಆ ಹವಾಮಾನಕ್ಕೆ ಮಾತ್ರ, ನೀರು ಸುತ್ತಲಿಂದಲೂ ಜಿನುಗಿ ಹೋಗುವ ಉಣ್ಣೆಯಂಥ ಜಿಯೋ ಬಟ್ಟೆಯ ಚೀಲಕ್ಕೆ ಹೆಚ್ಚು ದುಡ್ಡು ಕೊಡುವುದು ಸರಿ ಎನಿಸುತ್ತದೆ. ಒಳನಾಡಿನ ಬೇಸಿಗೆಯಲ್ಲಿ ಅದೇ ಚೀಲಕ್ಕೆ ದಿನಕ್ಕೆರಡು ಸಲ ನೀರು ಬೇಕು.

ಗಿಡಕ್ಕೆ ಊರುಗೋಲು ಕೊಡುವಲ್ಲೂ ಈ ಚೀಲ ಸೋಲುತ್ತದೆ. ಗೋಡೆಗೆ ಬಿಗಿ ಇಲ್ಲ, ಐದಡಿ ಕೋಲು ನೆಟ್ಟರೆ ಕಾಯಿ ತುಂಬಿದಾಗ ಗಾಳಿಗೆ ಕೋಲು, ಗಿಡ, ಚೀಲ ಮೂರೂ ವಾಲುತ್ತವೆ. ಮೇಲೊಂದು ತಂತಿ ಎಳೆದು ಸೆಣಬಿನ ಹುರಿ ಇಳಿಬಿಟ್ಟು ಗಿಡವನ್ನು ಅದಕ್ಕೆ ಸುತ್ತಿ. ಟೊಮೆಟೊಗೆ ಅರ್ಕಾ ರಕ್ಷಕ್ ಆರಿಸಿಕೊಂಡರೆ ಎಲೆ ಮುಟುರು ನಂಜು, ದುಂಡಾಣು ಸೊರಗು, ಮುಂಗಡ ಅಂಗಮಾರಿ ಮೂರಕ್ಕೂ ತಡೆಯುವ ಶಕ್ತಿ ಇದೆ. ಬಿಳಿ ನೊಣ ಹಾರಾಡುವ ನಗರದ ತಾರಸಿಗೆ ಇದು ದೊಡ್ಡ ಸಮಾಧಾನ. ಅದು ಹೈಬ್ರಿಡ್, ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೆಂಡೆಗೆ ಅರ್ಕಾ ಅನಾಮಿಕ, ಹಳದಿ ನರ ರೋಗವನ್ನು ಒಂದಷ್ಟು ತಡೆದುಕೊಳ್ಳುತ್ತದೆ, ಬೀಜವನ್ನೂ ಉಳಿಸಿಕೊಳ್ಳಬಹುದು.

ಎಲ್ಲಿ ಕೊಳ್ಳುವುದು? ಸಾಧ್ಯವಾದರೆ ಕೈಯಿಂದ ಮುಟ್ಟಿ ನೋಡುವ ಕಡೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಮಳಿಗೆಗಳು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳ, ಬೆಂಗಳೂರಿನದೇ ಸಿದ್ದಾಪುರದ ಕಡೆಯ ನರ್ಸರಿ ಸಾಲು, ಇಲ್ಲೆಲ್ಲ ಚೀಲ ತಿರುಗಿಸಿ ಹೊಲಿಗೆ ನೋಡಬಹುದು, ಚೌಕಾಸಿಯೂ ನಡೆಯುತ್ತದೆ. ಆನ್‌ಲೈನ್‌ನಲ್ಲಾದರೆ ಮೊದಲು ಎರಡೇ ತರಿಸಿ ತೂಗಿ, ಸರಿ ಇದ್ದರೆ ಉಳಿದದ್ದು. ‘20 ಚೀಲದ ಕಾಂಬೋ’ಗಳಲ್ಲಿ 9×9 ತುಂಬಿರುತ್ತವೆ, ಅದರಲ್ಲಿ ಪುದೀನ, ಸ್ವಲ್ಪ ಸೊಪ್ಪು ಬಿಟ್ಟು ಬೇರೇನೂ ನೆಮ್ಮದಿಯಾಗಿ ಬೆಳೆಯುವುದಿಲ್ಲ.

ಮೊದಲ ಸಲ ಕೊಳ್ಳುವವರಿಗೆ ಒಂದು ಸಣ್ಣ ಮನೆಯ ಪಟ್ಟಿ ಹೇಳುವುದಾದರೆ: 15×15 ನಾಲ್ಕು, ಎರಡಕ್ಕೆ ಟೊಮೆಟೊ, ಒಂದಕ್ಕೆ ಬದನೆ, ಒಂದಕ್ಕೆ ಬೆಂಡೆ. 24×9 ಎರಡು, ಸೊಪ್ಪಿಗೆ. 12×12 ಎರಡು, ಮೆಣಸಿನಗಿಡಕ್ಕೆ. 18×18 ಒಂದು, ಹೀರೆ ಬಳ್ಳಿಗೆ. ಒಟ್ಟು ಒಂಬತ್ತು ಚೀಲ, ಚೀಲದ ಖರ್ಚು ಸಾವಿರದಿಂದ ಸಾವಿರದ ಐನೂರು. ತುಂಬುವ ಮಿಶ್ರಣಕ್ಕೆ ಅದಕ್ಕಿಂತ ಹೆಚ್ಚೇ ಆಗುತ್ತದೆ, ಅದರಲ್ಲಿ ಕೈ ಬಿಗಿ ಹಿಡಿಯಬೇಡಿ.

ಮೂರನೇ ವರ್ಷದಿಂದ ಪ್ರತಿ ಬೇಸಿಗೆಯ ಕೊನೆಗೆ ಚೀಲದ ಬಾಯಿ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ. ಬಟ್ಟೆ ಬಾಗಿ ಮತ್ತೆ ನೆಟ್ಟಗಾದರೆ ಇನ್ನೊಂದು ವರ್ಷ ಇದೆ. ಚರಚರ ಸದ್ದಾಗಿ ಹಸಿರು ಹುಡಿ ಬೆರಳಿಗೆ ಅಂಟಿದರೆ ಅದೇ ವಾರ ಬದಲಿಸಿ, ಮುಂದಿನ ಬೆಳೆ ಮುಗಿಯಲಿ ಎಂದು ಕಾಯಬೇಡಿ. ಆ ಹುಡಿ ಮಣ್ಣಿಗೆ ಸೇರಿದರೆ ಆರಿಸಿ ತೆಗೆಯಲು ಆಗುವುದಿಲ್ಲ, ನೀವು ಸೊಪ್ಪು ಬೆಳೆದು ತಿನ್ನುವ ಮಣ್ಣು ಅದು. ಹಳೆ ಚೀಲವನ್ನು ಮೇಲಿಂದ ಕೆಳಕ್ಕೆ ಒಂದೇ ಗೀಟಿನಲ್ಲಿ ಕತ್ತರಿಸಿ, ಮಣ್ಣುಂಡೆಯನ್ನು ಒಡೆಯದೆ ಹೊಸ ಚೀಲಕ್ಕೆ ಇಳಿಸಿ, ಹಳೆಯದನ್ನು ಮಣ್ಣು ಕೊಡವಿ, ಒಣಗಿಸಿ ಒಣಕಸಕ್ಕೆ ಕೊಡಿ. ಸುಡಬೇಡಿ.